ಬಂದ ನೀರಿಗೆ ಹೋಗುವ ದಾರಿ

(ಆಷಾಢದ ಮಧ್ಯಾಹ್ನ. ದೇವರಗುಡ್ಡದ ಕೆಳಗೆ, ಹೊಲದ ಬದುವಿನ ಮೇಲೆ ಸೋದರತ್ತೆ ಮತ್ತು ಅಳಿಯ. ಅತ್ತೆ ಒಕ್ಕಲುತನದವಳು, ಅಳಿಯ ಮಣ್ಣು ಪರೀಕ್ಷೆಯ ಕೆಲಸದವನು.)

— ಅತ್ತಿ, ಸೆರಗು ಮುಖಕ್ಕ ಹಿಡೀರಿ, ಧೂಳು ಬಂತು.

— ಬರಲಿ ಬಿಡು. ಆಷಾಢದಾಗ ಗಾಳಿ ಬೀಸದ ಇನ್ಯಾವಾಗ ಬೀಸಬೇಕು? ಮಳಿ ತರೂ ವರ್ಷ ಮಳಿ ತರ್ತೈತಿ, ತರದ ವರ್ಷ ಮಣ್ಣು ಒಯ್ತೈತಿ. ನಮ್ಮ ಮಣ್ಣು ಮೂಡಲ ಹೊಲದವರಿಗೆ ಹೋತು, ಪಡುವಲ ಹೊಲದವರದು ನಮಗ ಬಂತು. ಲೆಕ್ಕ ಚುಕ್ತಾ.

— ಚುಕ್ತಾ ಆಗೂದಿಲ್ರಿ. ಗಾಳಿ ಮಣ್ಣನ್ನ ಇದ್ದಂಗ ಎತ್ತಿ ಒಯ್ಯೂದಿಲ್ಲ, ಜರಡಿ ಹಿಡೀತೈತಿ. ಅರ್ಧ ಮಿಲಿಮೀಟರಿಗಿಂತ ದಪ್ಪ ಹರಳು ನೆಲದ ಮ್ಯಾಲೆ ಉರುಳ್ತಾವ, ದೂರ ಹೋಗೂದಿಲ್ಲ. ಅದಕ್ಕಿಂತ ಸಣ್ಣವು, ಮಿಲಿಮೀಟರಿನ ಹತ್ತನೇ ಒಂದು ಭಾಗದ ತನಕ ಇದ್ದವು, ಜಿಗದು ಜಿಗದು ಹೋಗ್ತಾವ. ನೀವು ಹೇಳಿದ ಕೊಡು-ಕೊಳ್ಳು ವ್ಯವಹಾರ ಈ ಎರಡರದಷ್ಟ. ಇನ್ನೂ ನುಣುಪು ಇದ್ದದ್ದು ಮ್ಯಾಲೆ ಎದ್ದು ಹೋದ್ರ ಪಕ್ಕದ ಹೊಲದಾಗ ಇಳಿಯೂದಿಲ್ಲ, ಪಕ್ಕದ ತಾಲೂಕು ದಾಟಿರ್ತೈತಿ. ಗೊಬ್ಬರದ ಸತ್ವ ಅಂಟಿಕೊಂಡಿರೂದು ಆ ನುಣುಪಿಗೆ. ಪಡುವಲದವರಿಂದ ನಿಮಗ ಬಂದದ್ದು ಬರೇ ಉಸುಕು.

— ಅಂದ್ರ ಇಬ್ಬರೂ ಕೆಟ್ಟಿವಿ ಅನ್ನು.

— ಇಬ್ಬರೂ. ಅವರಿಂದ ನಿಮಗ ಲಾಭ ಇಲ್ಲ, ನಿಮ್ಮಿಂದ ಮೂಡಲದವರಿಗೆ ಲಾಭ ಇಲ್ಲ.

— ಜಿಗದು ಹೋಗ್ತಾವ ಅಂದ್ಯಲ್ಲ, ಬಾ ಇಲ್ಲೆ, ಕುಂತು ನೋಡು. ಈ ಗೋವಿನಜೋಳದ ಸಸಿ. ಪಡುವಲ ಮುಖದ ಎಲಿ ಸಿಗದು, ಅಂಚು ಬೆಳ್ಳಗ ಸುಟ್ಟಂಗ ಆಗೇತಿ. ಮೂಡಲ ಮುಖದ ಎಲಿ ಹಚ್ಚಗ ಐತಿ. ನಿನ್ನೆ ಎಣ್ಣಿ ಅಂಗಡಿಯವನಿಗೆ ಒಂದು ಸಸಿ ಕಿತ್ತು ತೋರಿಸಿದೆ. ರೋಗ ಅಂದ. ಎರಡು ಬಾಟ್ಲಿ ಮುಂದ ಇಟ್ಟ.

— ತಂದ್ರೇನು?

— ರೊಕ್ಕ ಇದ್ದಿಲ್ಲ, ಉಳದೆ.

— ರೋಗ ಆದ್ರ ಒಂದ ಮುಖಕ್ಕ ಬರೂದಿಲ್ರಿ. ಇದು ಉಸುಕಿನ ಪೆಟ್ಟು. ಜಿಗಿಯೂ ಹರಳು ಬಾಳ ಮ್ಯಾಲೆ ಹೋಗೂದಿಲ್ಲ. ಗೇಣು, ಮೊಳ, ಅಷ್ಟರ ಒಳಗ. ಈ ಸಸಿ ಇರೂದೂ ಅಷ್ಟ ಎತ್ತರ. ಬ್ಯಾಗ್ನಾಲ್ಡ್ ಅಂತ ಒಬ್ಬ ಬ್ರಿಟಿಷ್ ಸೇನೆಯ ಎಂಜಿನಿಯರ್ ಇದ್ದ. ಲಿಬಿಯಾದ ಮರುಭೂಮಿಯಾಗ ಮೋಟಾರು ಹೊಡ್ಕೊಂಡು ತಿರುಗಿದವ. ಇಂಗ್ಲೆಂಡಿಗೆ ವಾಪಸ್ ಹೋಗಿ, ಗಾಳಿಸುರಂಗ ಕಟ್ಟಿ, ಉಸುಕು ಹೆಂಗ ಏಳ್ತೈತಿ ಅಂತ ನೋಡಿ, 1941ರಾಗ ಅದರ ಮ್ಯಾಲೆ ಪುಸ್ತಕ ಮಾಡಿದ. ನಮ್ಮ ವಿದ್ಯಾ ಇವತ್ತಿಗೂ ಅದರ ಮ್ಯಾಲ ನಿಂತೈತಿ. ಅತೀ ನುಣುಪು ಧೂಳು ಒಂದಕ್ಕೊಂದು ಅಂಟಿಕೊಂಡಿರೂದ್ರಿಂದ ಬರೇ ಗಾಳಿಗೆ ಏಳೂದು ಕಷ್ಟ. ಮ್ಯಾಲಿಂದ ಜಿಗದು ಬಿದ್ದ ಹರಳಿನ ಹೊಡೆತಕ್ಕ ಏಳ್ತೈತಿ. ಒಂದು ಹರಳು ಬಿದ್ದಾಗ ಮತ್ತಷ್ಟು ಏಳ್ತಾವ, ಅವು ಬಿದ್ದಾಗ ಇನ್ನಷ್ಟು. ಪಡುವಲ ಅಂಚಿನಾಗ ಸುರು ಆದದ್ದು ಮೂಡಲ ಅಂಚಿಗೆ ಬರೂದ್ರಾಗ ಎಷ್ಟೋ ಪಟ್ಟು ಆಗಿರ್ತೈತಿ. ಅದಕ್ಕ ಹೊಲದ ಗಾಳಿ ಮುಖದ ಅಂಚು ಭದ್ರ ಮಾಡಬೇಕು. ಅಲ್ಲಿ ಹರಳು ಜಿಗಿಯದಂಗ ನೋಡ್ಕೊಂಡ್ರ ಮುಂದಿನ ಹೊಲ ಉಳೀತೈತಿ.

— ನಮ್ಮ ಮಾವ ಯಾವ ಪುಸ್ತಕಾನೂ ಓದಿದ್ದಿಲ್ಲ. ಪಡುವಲ ಬದುವಿಗೆ ಜಾಲಿ, ಬೇವು, ನಡುವ ಲಕ್ಕಿ ಬಿಟ್ಟಿದ್ದ. ನೆರಳಿಗೆ ಬೆಳಿ ಏಳೂದಿಲ್ಲ ಅಂತ ನಾವು ಕಡದ್ವಿ. ಆಗ ಹಿಂಗಾರಿ ಜೋಳ ಇತ್ತು. ಕೊಯ್ದ ಮ್ಯಾಲೆ ಕೂಳಿ ಹಂಗ ನಿಂತಿರ್ತಿತ್ತು, ಯುಗಾದಿ ತನಕ ಹೊಲಕ್ಕ ಒಂದು ಹೊದಿಕಿ. ಈಗ ಎಲ್ಲಾ ಗೋವಿನಜೋಳ. ತೆನಿ ಮುರದ ಮರುವಾರ ಟ್ರ್ಯಾಕ್ಟರ್ ಬರ್ತೈತಿ, ರೋಟಾವೇಟರ್ ಹೊಡೀತೈತಿ, ಹೊಲ ಬೋಳು.

— ಈ ರೋಟಾವೇಟರ್ ಬಗ್ಗೆ ನಂದೊಂದು ತಕರಾರು ಐತಿ. ಗದ್ದಿಗೆ, ತೋಟಕ್ಕ ಸರಿ. ಒಣ ಮಸಾರಿಗೆ ಬ್ಯಾಸಗ್ಯಾಗ ಹೊಡೆಯೂದು ಅಂದ್ರ ಗಾಳಿಗೆ ಮಣ್ಣು ಅರದು ಕೊಟ್ಟಂಗ. ರಂಟಿ ಹೊಡದ್ರ ಹೆಂಟಿ ಏಳ್ತಿದ್ವು. ಹೆಂಟಿ ಇದ್ರ ಗಾಳಿಗೆ ತಡಿ, ಹರಳು ಅದರ ಸಂದಿಯಾಗ ಬಿದ್ದು ಅಲ್ಲೇ ಕೂಡ್ತಾವ. ನೋಡಾಕ ಹೊಲ ಒರಟು ಕಾಣ್ತೈತಿ, ಆ ಒರಟುತನ ಬೇಕು. ಜನ ಮಾತ್ರ ಪುಡಿ ಆದ್ರ ಹದ ಆತು ಅಂತಾರ.

— ಬೆಳಿ ಹೊಲ ಬಿಡು, ಹುಲ್ಲಿನ ನೆಲಾನೂ ಉಳೀಲಿಲ್ಲ. ಗುಡ್ಡದ ಮ್ಯಾಲ ನಿಂತ್ರ ರಾಣೆಬೆನ್ನೂರು ಕಡೆ ನಾ ಮದುವಿ ಆಗಿ ಬಂದಾಗ ನೀಲಗಿರಿ ತೋಪು ಕಂಡಿದ್ದೆ. ಅದಕ್ಕೂ ಮೊದಲ ಅಲ್ಲಿ ಬರೇ ಹುಲ್ಲಿತ್ತು ಅಂತ ನಮ್ಮತ್ತಿ ಹೇಳ್ತಿದ್ದಳು. ಚಿಗರಿ ಹಿಂಡು ಹಿಂಡ ಮೇಯ್ತಿದ್ವಂತ.

— ಚಿಗರಿ ಈಗೂ ಅದಾವ. ಕೃಷ್ಣಮೃಗದ ಅಭಯಾರಣ್ಯ ಅಂತ 1974ರಾಗ ಘೋಷಣೆ ಆತು, 119 ಚದರ ಕಿಲೋಮೀಟರ್. ಅಲ್ಲಿ ಎರೆಭೂತ ಅನ್ನೂ ಹಕ್ಕಿನೂ ಇತ್ತು, ಆಳಿನ ಸೊಂಟದ ಎತ್ತರದ್ದು, ಬಯಲು ಹುಲ್ಲಿನಾಗ ಮಾತ್ರ ಬದುಕೂದು. ಅಂಥಾ ನೆಲಕ್ಕ ಅರಣ್ಯ ಇಲಾಖೆ ನೀಲಗಿರಿ ಹಚ್ಚಿತು. ಹುಲ್ಲಿನ ನೆಲ ಅಂದ್ರ ಸರ್ಕಾರದ ಕಾಗದದಾಗ ಬಂಜರು, ಬಂಜರು ಅಂದ್ರ ಗಿಡ ಹಚ್ಚಾಕ ಖಾಲಿ ಜಾಗ. ಮಣ್ಣು ಹಿಡಿಯೂದ್ರಾಗ ಹುಲ್ಲಿನ ಬೇರಿಗೆ ಸಾಟಿ ಇಲ್ಲ. ನೀಲಗಿರಿ ಕೆಳಗ ನೋಡ್ರಿ, ಉದುರಿದ ಎಲಿ ಬಿಟ್ರ ಹುಲ್ಲಿನ ಎಸಳು ಅಪರೂಪ.

— ಹಾನಗಲ್ಲ ಕಡೆ ನೀಲಗಿರಿ ಕಿತ್ತು ಒಗದಿದ್ರಲ್ಲ?

— ಕುಸನೂರಿನಾಗ. 1987ರ ನವೆಂಬರ್ 14. ಹಳ್ಳಿಯ ಗೋಮಾಳ, ಕಾವಲು ಭೂಮಿನ ಸರ್ಕಾರ ಒಂದು ಕಂಪನಿಗೆ ನೀಲಗಿರಿ ಬೆಳಿಯಾಕ ಕೊಟ್ಟಿತ್ತು, ಹರಿಹರದ ಕಾರ್ಖಾನೆಗೆ ತಿರುಳು ಒದಗಸಾಕ. ಸಮಾಜ ಪರಿವರ್ತನ ಸಮುದಾಯದವರು, ಎಸ್.ಆರ್. ಹಿರೇಮಠರು, ಊರವರು ಸೇರಿ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ಮಾಡಿದ್ರು. ನೀಲಗಿರಿ ಸಸಿ ಕಿತ್ತು, ಆ ಕುಣಿಯಾಗ ಊರಿಗೆ ಬೇಕಾದ ಗಿಡ ಹಚ್ಚೂದು. ಸುಪ್ರೀಂ ಕೋರ್ಟಿಗೂ ಹೋದ್ರು. ಕಡೀಗೆ ಆ ಕಂಪನಿಯನ್ನ ಸರ್ಕಾರ ಮುಚ್ಚಿತು. ಜಗಳ ನಡದದ್ದು ಮೇವು, ಸೌದಿ, ನೆಲದ ಹಕ್ಕಿಗಾಗಿ. ಗಾಳಿ, ಧೂಳಿನ ಮಾತು ಅಲ್ಲಿ ಯಾರೂ ಎತ್ತಿರಲಿಲ್ಲ. ಆದ್ರ ಹುಲ್ಲು ಉಳದ್ರ ಮಣ್ಣೂ ಉಳೀತೈತಿ.

— ಇರಲಿ. ಗಾಳಿ ಮಾತು ತಿಳೀತು. ನೀ ಗಂಗಾವತಿ ಕಡೆ ಸವಳು ಭೂಮಿ ನೋಡ್ಕೊಂತ ತಿರುಗಿದವ. ಸವಳು ಅಂದ್ರ ನೀರು ಹೆಚ್ಚಾದ ನೆಲದ ರೋಗ. ಧೂಳು ಅಂದ್ರ ನೀರಿಲ್ಲದ ನೆಲದ್ದು. ನೀ ಯಾವಾಗ್ಲೂ ಎರಡೂ ಒಂದ ಉಸಿರಿನಾಗ ಹೇಳ್ತಿಯಲ್ಲ, ಹೆಂಗ ಕೂಡ್ತಾವ?

— ಕೂಡಿದ ಜಾಗ ಐತ್ರಿ. ನೀವು ರಾಣೆಬೆನ್ನೂರಿನ ಸೀಡ್ಸಿನವರಿಗೆ ಹತ್ತಿ ಕ್ರಾಸಿಂಗ್ ಮಾಡ್ತಿದ್ರಿ, ಹೌದಿಲ್ಲೋ?

— ಎಷ್ಟು ವರ್ಷ! ಸಂಜಿ ಹೊತ್ತು, ಮರುದಿನ ಅರಳೂ ಮೊಗ್ಗು ಹುಡುಕಿ, ಹೆಬ್ಬೆಟ್ಟಿನ ಉಗುರಿನಿಂದ ಎಸಳು, ಗಂಡುಕೇಸರದ ಕೊಳವಿ ಸುಲದು ತಗಿಯೂದು. ಒಳಗಿನ ಹೆಣ್ಣು ದಂಟಿಗೆ ಉಗುರು ತಾಕಿದ್ರ ಕಾಯಿ ಕಟ್ಟೂದಿಲ್ಲ. ಗುರುತಿಗೆ ಒಂದು ಕೆಂಪು ಚೀಟಿ. ಮುಂಜಾನೆ ಇಬ್ಬನಿ ಆರಿದ ಮ್ಯಾಲೆ ಗಂಡು ಸಾಲಿನ ಹೂ ತಂದು ಪರಾಗ ಒರಸೂದು. ಉಗುರು ಹಸರಾಗಿ ಕಪ್ಪಾಗ್ತಿದ್ವು, ಉಣ್ಣಾಕ ಹೇಸಿಗಿ ಬರ್ತಿತ್ತು. ನಮ್ಮ ಕೈ ಬೀಜ ಎಲ್ಲೆಲ್ಲಿಗೋ ಹೋಗ್ತಿತ್ತು.

— ಧಾರವಾಡದಾಗ ಡಾಕ್ಟರ್ ಕಟರಕಿ ‘ವರಲಕ್ಷ್ಮಿ’ ತಳಿ ತಗದದ್ದು 1972ರಾಗ, ಆಮ್ಯಾಲೆ ಡಿಸಿಎಚ್-32. ಅದರ ಬೀಜ ಆಗೂದು ನಿಮ್ಮಂಥವರ ಉಗುರಿನಿಂದ. ನಾ ಹೇಳೂ ಜಾಗಾನೂ ಹತ್ತಿದ. ಮಧ್ಯ ಏಷ್ಯಾದಾಗ ಅಮು ದರಿಯಾ ಅಂತ ನದಿ. ಅರಲ್ ಅನ್ನೂ ಸಮುದ್ರಕ್ಕ ಸೇರ್ತಿತ್ತು. ಸಮುದ್ರ ಅಂದ್ರ ದೊಡ್ಡ ಸರೋವರ. 1960ರಾಗ 68 ಸಾವಿರ ಚದರ ಕಿಲೋಮೀಟರ್, ನಮ್ಮ ಕರ್ನಾಟಕದ ಮೂರನೇ ಒಂದು ಪಾಲಿಗಿಂತ ಹೆಚ್ಚು. ಸೋವಿಯತ್ ಸರ್ಕಾರ ಹತ್ತಿ ಬೆಳಿಯಾಕ ಅಮು ದರಿಯಾ, ಸಿರ್ ದರಿಯಾ ಎರಡರ ನೀರನ್ನೂ ಕಾಲುವಿಗೆ ತಿರುವಿತು. ನದಿ ಸಮುದ್ರ ಮುಟ್ಟೂದು ನಿಂತಿತು. 1987ರ ಹೊತ್ತಿಗೆ ಅರಲ್ ಎರಡು ತುಂಡಾತು; 2014ರಾಗ ಮೂಡಲ ದಂಡಿಯ ಭಾಗ ಪೂರಾ ಒಣಗಿತು. ಮೊಯ್ನಾಕ್ ಅಂತ ಬಂದರಿನ ಊರು, ಈಗ ಅಲ್ಲಿ ಹಡಗು ಉಸುಕಿನ ಮ್ಯಾಲೆ ನಿಂತಾವ.

— ಸಮುದ್ರದ ನೀರು ಹೋದ್ರ ಉಪ್ಪು ಉಳೀತೈತಿ.

— ಅದ ಮಾತು. ಉಪ್ಪು ಬರೇ ಸಮುದ್ರದ ತಳದಾಗ ಉಳೀಲಿಲ್ಲ. ನದಿಯ ಮುಖಜ ಭೂಮಿ, ಅಲ್ಲಿನ ಹತ್ತಿ ಹೊಲ, ಅವೂ ಸವಳಾದ್ವು. ಕಾಲುವಿ ತಂದ್ರು, ಬಸಿಗಾಲುವಿ ಸಾಲಲಿಲ್ಲ. ಈಗ ಅಲ್ಲಿ ಹತ್ತಿ ಬಿತ್ತೂ ಮೊದಲ ಚಳಿಗಾಲದಾಗ ಹೊಲಕ್ಕ ನೀರು ನಿಲ್ಲಿಸಿ ಉಪ್ಪು ತೊಳೀತಾರ, ವರ್ಷಾ ವರ್ಷಾ. ಇನ್ನ ಗಾಳಿ. ಉಪ್ಪಿನಾಗ ಎರಡು ಜಾತಿ ತಿಳ್ಕೊಳ್ರಿ. ಅಡಗಿ ಉಪ್ಪು ನೆಲದ ಮ್ಯಾಲೆ ಗಟ್ಟಿ ಪದರಾಗಿ ಕೂಡ್ತೈತಿ, ಗಾಳಿಗೆ ಲಗೂನ ಏಳೂದಿಲ್ಲ. ಸೋಡಿಯಂ ಸಲ್ಫೇಟ್ ಹಂಗಲ್ಲ. ತಂಪಿನಾಗ ನೀರು ಹಿಡ್ಕೊಂಡು ಹರಳಾಗಿ ಉಬ್ಬತೈತಿ, ಬಿಸಲಿಗೆ ಆ ನೀರು ಬಿಟ್ಟು ಪುಡಿ ಆಗ್ತೈತಿ. ಉಬ್ಬಿ ಇಳದು, ಉಬ್ಬಿ ಇಳದು, ಮಣ್ಣಿನ ಕಣ ಒಂದನ್ನೊಂದು ಬಿಟ್ಟು ನೆಲ ಪೊಳ್ಳಾಗ್ತೈತಿ. ಕಾಲಿಟ್ರ ಪಾದ ಹುಗೀತೈತಿ. ಆ ನೆಲಕ್ಕ ಗಾಳಿ ಬಿದ್ರ ಏಳೂದು ಮಣ್ಣು ಉಪ್ಪು ಕೂಡಿದ ಬಿಳೇ ಧೂಳು. ಅದು ಇಳದ ಹೊಲಕ್ಕೂ ಉಪ್ಪಿನ ಪಾಲು.

— ಅಂದ್ರ ಸವಳು ಮೊದಲು, ಧೂಳು ಅದರ ಮಗ.

— ಅಲ್ಲಿ ಹಂಗ. ನಮ್ಮಲ್ಲಿ ಸದ್ಯ ಎರಡೂ ಬ್ಯಾರೆ ಬ್ಯಾರೆ ಅದಾವ: ಗುಡ್ಡದ ಸುತ್ತಿನ ಮಸಾರಿಗೆ ಗಾಳಿ, ತಗ್ಗಿನ ಎರಿಗೆ ಉಪ್ಪು. ಆದ್ರ ಅಲ್ಲಿಯಂಥಾ ಮುಖಜ ನಮ್ಮಲ್ಲೂ ಐತಿ. ನದಿಯ ಮುಖಜ ಅಂದ್ರ ಸಮುದ್ರದ ದಂಡಿಗೆ ಮಾತ್ರ ಅಂತ ಸಾಲಿಯಾಗ ಕಲಿಸ್ತಾರ. ನಿಂತ ನೀರಿಗೆ ನದಿ ಬಂದು ಮುಟ್ಟಿದ ಕಡೆಯೆಲ್ಲಾ ಹೂಳು ಬಿಟ್ಟು ಒಂದು ಮುಖಜ ಕಟ್ಟತೈತಿ. ತುಂಗಭದ್ರಾ ಜಲಾಶಯದ ಹಿನ್ನೀರಿನ ತುದಿಗೂ ಅಂಥದ್ದ ಒಂದು ಬೆಳೀತೈತಿ. ಕಟ್ಟಿದಾಗ 133 ಟಿಎಂಸಿ ಹಿಡೀತಿತ್ತು, ಈಗ 105ರ ಆಸುಪಾಸು. ಹೋದದ್ದು ಹೂಳಿಗೆ ಹೋತು. ವರದಾ, ಕುಮುದ್ವತಿ ಎರಡೂ ತುಂಗಭದ್ರೆಗೆ ಕೂಡೂ ಹೊಳಿ. ಆ ಹೂಳಿನಾಗ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಹೊಲದ ಮಣ್ಣೂ ಐತಿ, ಮ್ಯಾಲಿನ ನುಣುಪು ಮಣ್ಣು.

— ತಲಕಾಡಿನ ಉಸುಕು ಮತ್ತ? ಅದಕ್ಕ ಶಾಪ ಅಂತಾರ.

— ಅಲಮೇಲಮ್ಮನ ಶಾಪದ ಕತಿ ದೊಡ್ಡದು. ಪರಿಸರದ ಕಡೆಯಿಂದ ನೋಡಿದವರು ತೋರಸೂದು ಕಾವೇರಿಗೆ ಕಟ್ಟಿದ ಮಾಧವಮಂತ್ರಿ ಅಣೆಕಟ್ಟನ್ನ. ಕೆಳಗಿನ ಪಾತ್ರದಾಗ ನೀರು ಇಳದು ಉಸುಕು ಬಯಲಿಗೆ ಬಿತ್ತು, ಪಡುವಣ ಗಾಳಿ ಅದನ್ನ ಹೊತ್ತು ಊರ ಮ್ಯಾಲೆ ಸುರೀತು ಅಂತ. ಅಲ್ಲಿನ ಗುಡಿಗಳನ್ನ ಉಸುಕು ತೋಡಿ ತೋಡಿ ಹೊರಗ ತಗದಾರ. ಅದನ್ನ ಇಲ್ಲಿಗೆ ಬಿಡೋಣ. ಗಂಗಾವತಿ ಮಾತು ಕೇಳಿದ್ರಿ.

— ಹೇಳು. ನಮಗ ಬೇಕಾದದ್ದು ಅದು. ಕೆಳಗಿನ ಎರಿ ಹೊಲದ ಮ್ಯಾಲಿನವ ನೀರು ಬಂದಾಗಿಂದ ಭತ್ತ ಹಚ್ಚಾಕತ್ಯಾನ. ನಮ್ಮ ಬದುವಿನ ಬುಡಕ್ಕ ಬ್ಯಾಸಗಿಗೂ ಹಸಿ ಆರೂದಿಲ್ಲ.

— ಹಂಗಾದ್ರ ಲಕ್ಷ್ಯ ಕೊಟ್ಟು ಕೇಳ್ರಿ. ತುಂಗಭದ್ರಾ ಅಣೆಕಟ್ಟು 1953ರಾಗ ಮುಗೀತು. ಎಡದಂಡೆ ಕಾಲುವಿ ಗಂಗಾವತಿ, ಸಿಂಧನೂರು, ಮಾನ್ವಿ ಕಡೆ ಹೋತು. ಯೋಜನೆ ಮಾಡಿದವರ ಮನಸ್ಸಿನಾಗ ಅದು ಭತ್ತದ ನೀರಲ್ಲ. ಬರದ ಸೀಮಿ, ಜೋಳ, ಹತ್ತಿ, ಶೇಂಗಾಕ್ಕ ಕೈ ಹಿಡಿಯಲಿ ಅಂತ ತೆಳ್ಳಗ ಹಂಚೂ ನೀರು. ಭತ್ತಕ್ಕ ಸಣ್ಣ ಪಾಲು ಮಾತ್ರ ಅಂತ ಗೆರಿ ಹಾಕಿದ್ರು. ಕಾಲುವಿ ತಲೀಗೆ ಇದ್ದವರು ಗೆರಿ ದಾಟಿದ್ರು. ಭತ್ತ ಹಚ್ಚಿದವ ಕಾರು ಕೊಂಡ, ಹಚ್ಚದವ ನೋಡಿದ, ಅವನೂ ಹಚ್ಚಿದ. ಕಾಲುವಿ ಕೊನಿಗೆ ಇದ್ದವನಿಗೆ ನೀರು ಮುಟ್ಟಲಿಲ್ಲ, ತಲೀಗೆ ಇದ್ದವನ ತಗ್ಗಿನ ಹೊಲ ಸವಳಾತು. ಉಪ್ಪಿನ ಸವಳು, ನೀರು ನಿಂತ ಜವಳು ಎರಡೂ ಕೂಡಿ ಈಗ ಆ ಅಚ್ಚುಕಟ್ಟಿನಾಗ ಒಂದು ಲಕ್ಷ ಹೆಕ್ಟೇರಿಗೆ ಹತ್ತಿರ ಹತ್ತಿರ.

— ತುಂಗಭದ್ರೆ ನೀರು ಸಿಹಿ. ಅದರಾಗ ಉಪ್ಪೆಲ್ಲಿಂದ ಬಂತು?

— ಸಿಹಿ ನೀರಿನಾಗೂ ಉಪ್ಪಿರ್ತೈತಿ. ಲೀಟರಿಗೆ 200 ಮಿಲಿಗ್ರಾಂ ಅಂತ ಹಿಡೀರಿ, ಕುಡದ್ರ ನಾಲಿಗಿಗೆ ಗೊತ್ತ ಆಗೂದಿಲ್ಲ. ವರ್ಷಕ್ಕ ಒಂದು ಹೆಕ್ಟೇರಿಗೆ ಒಂದು ಮೀಟರ್ ಎತ್ತರ ನೀರು ಕೊಟ್ರ ಹತ್ತು ಸಾವಿರ ಘನಮೀಟರ್. ಅದರಾಗ ಉಪ್ಪು ಎರಡು ಟನ್. ಎಕರೆಗೆ ಸುಮಾರು 800 ಕಿಲೋ, ಯೂರಿಯಾ ಚೀಲದ ಅಳತಿಯಾಗ ಹತ್ರ ಹತ್ರ 18 ಚೀಲ. ಭತ್ತಕ್ಕ ಒಂದು ಮೀಟರಿಗೂ ಹೆಚ್ಚು ಬೇಕು, ಎರಡು ಬೆಳಿ ತಗದ್ರ ದುಪ್ಪಟ್ಟು. ನೀರನ್ನ ಪೈರು ಕುಡೀತೈತಿ, ಬಿಸಲು ಕುಡೀತೈತಿ. ಉಪ್ಪು ಯಾರೂ ಕುಡಿಯೂದಿಲ್ಲ.

— ಹದಿನೆಂಟು ಚೀಲ!

— ಅದರ ಮ್ಯಾಲೆ ಎರಿ ಭೂಮಿಯ ಹೊಟ್ಟಿಯಾಗ ಮೊದಲ ಇದ್ದ ಉಪ್ಪು. ಮಳಿ ಆಧಾರದ ಕಾಲದಾಗ ಅದು ಕೆಳಗ ಮಲಗಿರ್ತೈತಿ. ನೀರು ಹೆಚ್ಚಾಗಿ ನೆಲದ ಒಳನೀರು ಮ್ಯಾಲೇರಿ, ಆಳಿನುದ್ದ ಅಳತಿಯೊಳಗ ಬಂತಂದ್ರ, ಮುಂದಿಂದು ನಾವು ಮಾಡಬೇಕಾಗಿಲ್ಲ. ಎರಿಯ ಸಣ್ಣ ಸಣ್ಣ ರಂಧ್ರದಾಗ ನೀರು ತಾನ ಏರ್ತೈತಿ. ಮ್ಯಾಲೆ ಬಂದು ಆರ್ತೈತಿ, ಉಪ್ಪು ಬಿಟ್ಟು ಹೋಗ್ತೈತಿ. ಕಾಲುವಿ ಬಂದಾದ್ರೂ ಈ ಏರೂದು ನಿಲ್ಲೂದಿಲ್ಲ.

— ನಮ್ಮ ಹೊಲದಾಗ ಬದುವಿನ ನೆತ್ತಿ ಮ್ಯಾಲ ಬೆಳ್ಳಗ ಕಾಣ್ತೈತಿ. ತಗ್ಗಿನಾಗ ಕಾಣೂದಿಲ್ಲ.

— ಬದು ಮ್ಯಾಲೆದ್ದ ಜಾಗ, ಅಲ್ಲಿ ಆರೂದು ಜಾಸ್ತಿ, ಉಪ್ಪು ಅಲ್ಲಿ ಕೂಡ್ತೈತಿ. ಹತ್ತಿ ಬೋದಿನ ನೆತ್ತಿಗೂ ಹಂಗ. ಅದಕ್ಕ ಸವಳಿನಾಗ ಬೀಜ ಬೋದಿನ ನೆತ್ತಿಗೆ ಹಾಕಬಾರದು, ಮಗ್ಗಲಿಗೆ ಹಾಕಬೇಕು ಅಂತೇವಿ.

— ಹೊಲದ ಬೆಳಿ ನೋಡಿದ್ರ ತಿಳೀತೈತಿ ಅನ್ನು. ಹೋದ ವರ್ಷ ಅಲ್ಲಿ ಮೆಣಸಿನ ಸಸಿ ಹಚ್ಚಿದ್ವಿ. ಅರ್ಧ ಕೂಡ್ಕೊಳ್ಳಲಿಲ್ಲ. ಅದ ಹೊಲದಾಗ ನಮ್ಮ ಮಾವನ ಕಾಲಕ್ಕ ಜೋಳ ಆಳು ಮುಳುಗೂವಂಗ ಬರ್ತಿತ್ತು. ಮಣ್ಣು ಒಮ್ಮೆಲೆ ಕೆಡ್ತೇನು?

— ಮಣ್ಣು ಸ್ವಲ್ಪ ಕೆಟ್ಟಿರಬಹುದು, ಬೆಳಿ ಬಾಳ ಬದಲಾತು. ಉಪ್ಪು ಅಳೀಯೂ ಮಾಪನದಾಗ ಪ್ರತಿ ಬೆಳಿಗೂ ಒಂದು ಮಿತಿ ಹಾಕ್ಯಾರ, ಅದನ್ನ ದಾಟಿದ ಮ್ಯಾಲೆ ಇಳುವರಿ ಇಳಿಯಾಕ ಸುರು. ಹತ್ತಿಗೆ 7.7. ಜೋಳಕ್ಕ 6.8. ಭತ್ತಕ್ಕ 3. ಗೋವಿನಜೋಳಕ್ಕ 1.7. ಮೆಣಸಿನಕಾಯಿಗೆ 1.5. ಉಳ್ಳಾಗಡ್ಡಿಗೆ 1.2. ಸವಳು ಭೂಮಿ ಅಂತ ಸರ್ಕಾರ ಹೆಸರಿಡೂದು ಅಂಕಿ 4 ದಾಟಿದ ಮ್ಯಾಲೆ. ಈಗ ಲೆಕ್ಕ ಹಾಕ್ರಿ. 3 ಇದ್ದ ಹೊಲದಾಗ ನಿಮ್ಮ ಮಾವನ ಜೋಳ, ಹತ್ತಿಗೆ ಉಪ್ಪಿನ ಸುದ್ದೀನ ಗೊತ್ತಾಗೂದಿಲ್ಲ. ಅದ ಹೊಲದಾಗ ನಿಮ್ಮ ಮೆಣಸಿನ ಸಸಿಗೆ ಉಸಿರು ಕಟ್ಟತೈತಿ. ಸವಳು ಭೂಮಿ ಪಟ್ಟಿಯಾಗ ಮಾತ್ರ ನಿಮ್ಮ ಹೊಲ ಇರೂದಿಲ್ಲ. ತಡಕೊಳ್ಳೂ ಬೆಳಿ ಬಿಟ್ಟು ತಡಕೊಳ್ಳದ ಬೆಳಿಗೆ ಹೋದ್ವಿ, ಅದ ಹೊತ್ತಿಗೆ ನೀರೂ ತಂದ್ವಿ. ಗೋವಿನಜೋಳ ಹೆಚ್ಚಾದ ನಮ್ಮ ಜಿಲ್ಲಾಕ್ಕ, ಊರಿನ ಹೆಸರ ಮೆಣಸಿನಕಾಯಿಗೆ ಕೊಟ್ಟ ಬ್ಯಾಡಗಿಗೆ, ಈ ಮಾತು ಗಂಗಾವತಿಗಿಂತ ಜೋರಾಗಿ ತಟ್ಟಬೇಕು. ಅಲ್ಲಿಯ ಭತ್ತ 3ರ ತನಕ ತಡೀತು. ನಮ್ಮದು ಅದಕ್ಕೂ ಮೊದಲ ಬೀಳ್ತೈತಿ.

— ನಮ್ಮ ಕಡೀಗೂ ದೊಡ್ಡ ನೀರು ಬಂತಲ್ಲ ಈಗ.

— ತುಂಗಾ ಮೇಲ್ದಂಡೆ. ಗಾಜನೂರಿನಿಂದ ಹೊರಟು ಶಿವಮೊಗ್ಗ, ದಾವಣಗೆರೆ, ಹಾವೇರಿ ಮೂರೂ ಜಿಲ್ಲಾದಾಗ ಸುಮಾರು 80 ಸಾವಿರ ಹೆಕ್ಟೇರಿಗೆ. ನೀರು ಬಂದದ್ದು ಒಳ್ಳೇದ ಆತು, ನಾ ಅದಕ್ಕ ಎರಡು ಮಾತಾಡೂದಿಲ್ಲ. ಬರದಾಗ ಮೇವಿಗೆ ದನ ಮಾರಿದವರ ಮುಂದ ನೀರು ಬ್ಯಾಡ ಅನ್ನಾಕ ನನಗ ಬಾಯಿಲ್ಲ. ಸಿಂಧನೂರಿನ ಮಂದಿ ಮುಂದ ನೋಡಾಕ ಯಾರೂ ಇದ್ದಿಲ್ಲ, ನಮ್ಮ ಮುಂದ ಅವರ ಎಪ್ಪತ್ತು ವರ್ಷ ಐತಿ. ಅಷ್ಟ ವ್ಯತ್ಯಾಸ.

— ಮಹಾನವಮಿಗೆ ಇಲ್ಲೆ ಗೊರವಪ್ಪ ಬಿಲ್ಲೇರಿ ಕಾರಣಿಕ ನುಡೀತಾನ. ‘ಸದ್ದಲೇ’ ಅಂದ್ರ ಸಾವಿರಾರು ಮಂದಿ ಗಪ್ಪ. ಆಡಿದ ಒಂದು ಸಾಲಿಗೆ ಊರಿಗೊಂದು ಅರ್ಥ: ಮಳಿ ಹೆಂಗ, ಬೆಳಿ ಹೆಂಗ, ರಾಜಕೀಯ ಹೆಂಗ. ಮಣ್ಣು ಹೆಂಗ ಅಂತ ಅರ್ಥ ಹಚ್ಚಿದವರನ್ನ ನಾ ಕಂಡಿಲ್ಲ.

— ಮಣ್ಣು ಕೇಳಾಕ ಬಿಲ್ಲು ಏರಬೇಕಾಗಿಲ್ರಿ, ಎರಡು ಗಾಜಿನ ಲೋಟ ಸಾಕು. ಮಳಿ ನೀರು ಹಿಡಿದಿಟ್ಟೀರಿ?

— ಕೊಡದಾಗ ಐತಿ. ಬೋರಿನ ನೀರ ಆಗೂದಿಲ್ಲೇನು?

— ಆಗೂದಿಲ್ಲ, ಯಾಕಂತ ಹೇಳ್ತೇನಿ. ಇದು ಮ್ಯಾಲಿನ ಮಸಾರಿ ಹೆಂಟಿ, ಇದು ಕೆಳಗಿನ ಎರಿ ಹೆಂಟಿ. ಎರಡೂ ಗೋಲಿಯಷ್ಟ ಮುರಕೊಂಡೆ, ಒಣಾ ಅದಾವ. ಒಂದೊಂದು ಲೋಟಕ್ಕ ಮೆಲ್ಲಕ ಬಿಟ್ಟೆ. ಅಲುಗಾಡಸಬ್ಯಾಡ್ರಿ. ಕಲಕಿದ್ರ ಪರೀಕ್ಷೆ ಕೆಟ್ಟಿತು.

— ಮಸಾರಿದು ಸಿಡಿದು ಬಿತ್ತು. ಗುಳ್ಳಿ ಬಂದ್ವು. ಕೆಟ್ಟದೇನು?

— ಸಿಡಿಯಲಿ. ಗಾಳಿ ಹೊರಗ ಬಂತು, ಹೆಂಟಿ ಕುಸೀತು, ಚೂರು ತಳಕ್ಕ ಕುಂತಾವ. ನೀರು ನೋಡ್ರಿ, ತಿಳಿ. ಅದು ಒಳ್ಳೇ ಲಕ್ಷಣ. ಈಗ ಎರಿ ಲೋಟ ನೋಡ್ರಿ.

— ಸುತ್ತ ಮಸಕು ಏಳಾಕತ್ತೇತಿ. ತಳದಿಂದ ಹೊಗಿ ಬಂದಂಗ. ನೀ ಕಲಕಿಲ್ಲ, ನಾ ಕಲಕಿಲ್ಲ.

— ಅದು ಸೋಡಿಯಂ. ಜೇಡಿಕಣಗಳನ್ನ ಒಟ್ಟಿಗೆ ಹಿಡಿಯೂದು ಕ್ಯಾಲ್ಸಿಯಂ. ಅದರ ಜಾಗಕ್ಕ ಸೋಡಿಯಂ ಬಂದು ಕುಂತ್ರ ಕಣ ಕೈ ಬಿಡ್ತಾವ, ನೀರಿನಾಗ ತೇಲ್ತಾವ. ಹೊಲದಾಗ ಹಿಂಗ ಬಿಟ್ಟ ಕಣ ರಂಧ್ರ ಮುಚ್ಚತಾವ. ಮಳಿ ಬಂದ್ರ ಇಂಗೂದಿಲ್ಲ, ನಿಲ್ತೈತಿ. ಆರಿದ ಮ್ಯಾಲೆ ಕಲ್ಲು. ಬೋರಿನ ನೀರ ಯಾಕ ಬ್ಯಾಡ ಅಂದ್ರ, ಉಪ್ಪು ನೀರಿನಾಗ ಸೋಡಿಯಂ ಮಣ್ಣೂ ಚದುರೂದಿಲ್ಲ, ಸುಳ್ಳು ಸಾಕ್ಷಿ ಹೇಳ್ತೈತಿ. ಹೊಲದಾಗೂ ಹಂಗ. ಉಪ್ಪು ತುಂಬಿದ ನೆಲ ಮೆತ್ತಗ, ಚಂದ ಕಾಣ್ತಿರ್ತೈತಿ. ಒಂದು ಜೋರು ಮಳಿ ಬಂದು ಮ್ಯಾಲಿನ ಉಪ್ಪು ತೊಳೀತಂದ್ರ, ಉಳದ ಸೋಡಿಯಂ ಆಗ ತನ್ನ ಗುಣ ತೋರಸ್ತೈತಿ. ಮಳಿ ಬಂದ್ರ ಹೊಲ ಸುಧಾರಸ್ತೈತಿ ಅಂದ್ಕೊಂಡವ ಗಾಬರಿ ಬೀಳೂದು ಅಲ್ಲೆ.

— ಜಿಪ್ಸಂ ಹಾಕು ಅಂತಾರ. ಸೊಸೈಟಿಯಾಗ ಬಂದೇತಿ.

— ಈ ಲೋಟ ಮಸಕಾತಲ್ಲ, ಈ ಹೊಲಕ್ಕ ಹಾಕಬಹುದು. ಜಿಪ್ಸಂನಾಗ ಕ್ಯಾಲ್ಸಿಯಂ ಐತಿ, ಸೋಡಿಯಂನ ಎಬ್ಬಸ್ತೈತಿ. ಎಷ್ಟು ಅಂತ ಮಣ್ಣು ಪರೀಕ್ಷೆ ಮಾಡಿ ಹೇಳ್ತೇನಿ, ಅಂದಾಜಿಗೆ ಸುರೀಬ್ಯಾಡ್ರಿ. ಬರೇ ಬಿಳೇ ಉಪ್ಪು ಇದ್ದು ನೀರು ತಿಳಿ ಉಳದ ಹೊಲಕ್ಕ ಜಿಪ್ಸಂ ಹಾಕಿದ್ರ ರೊಕ್ಕ ಮಣ್ಣುಪಾಲು. ಉಪ್ಪಿನ ಮ್ಯಾಲೆ ಮತ್ತೊಂದು ಉಪ್ಪು ಅಷ್ಟ. ಇನ್ನ ಇಲ್ಲೂ ಎದ್ದ ಸೋಡಿಯಂ ಎಲ್ಲಿಗೆ ಹೋಗಬೇಕು? ನೀರಿನ ಕೂಡ ಕೆಳಗ ಇಳದು ಹೊಲ ಬಿಟ್ಟು ಹೋಗಬೇಕು. ಹೋಗಾಕ ದಾರಿ ಇರದಿದ್ರ ಅಲ್ಲೇ ಸುತ್ತತೈತಿ. ಯಾವ ಔಷಧಾ ಹಾಕಿದ್ರೂ ಕಡೀಗೆ ಬಂದು ನಿಲ್ಲೂದು ಬಸಿಗಾಲುವಿ ಹತ್ರ.

— ಬಾಯಿ ತೆರೆದ ಕಾಲುವಿ ತೋಡಿದ್ರ ನೆಲ ಹೋಗ್ತೈತಿ. ಎರಡು ಗುಂಟಿ, ಮೂರು ಗುಂಟಿ.

— ನೆಲದ ಒಳಗ ಕೊಳವಿ ಹೂಳೂದೂ ಐತಿ. ತೂತಿನ ಪ್ಲಾಸ್ಟಿಕ್ ಕೊಳವಿ, ಮ್ಯಾಲೆ ಮಣ್ಣು ತುಂಬದಂಗ ಬಟ್ಟಿ ಸುತ್ತಿದ್ದು. ಸುಮಾರು ಒಂದು ಮೀಟರ್ ಆಳಕ್ಕ ಸಾಲು ಸಾಲು ಹುಗದು, ಕಡೀಗೆ ಒಂದು ದೊಡ್ಡ ಕೊಳವಿಗೆ ಕೂಡಿಸಿ, ಹಳ್ಳಕ್ಕ ಬಿಡೂದು. ಗಂಗಾವತಿ ಕೃಷಿ ಸಂಶೋಧನಾ ಕೇಂದ್ರದವರು ಇದರ ಮ್ಯಾಲೆ ವರ್ಷಗಟ್ಟಲೆ ಕೆಲಸ ಮಾಡ್ಯಾರ. ಕೃಷ್ಣಾ ದಂಡಿಗೆ ಉಗಾರದ ಕಡೆ ಕಬ್ಬಿನ ಹೊಲದಾಗೂ ಹಾಕ್ಯಾರ. ಮ್ಯಾಲೆ ಬೆಳಿ ಬೆಳೀಬಹುದು, ಗುಂಟಿ ಹೋಗೂದಿಲ್ಲ. ಖರ್ಚು ಜಾಸ್ತಿ, ಮತ್ತ ಒಬ್ಬನ ಹೊಲಕ್ಕ ಹಾಕಿದ್ರ ನಡಿಯೂದಿಲ್ಲ. ನೀರಿಗೆ ಸರ್ವೆ ನಂಬರ್ ಗೊತ್ತಿಲ್ಲ.

— ನೀರು ಹಳ್ಳಕ್ಕ ಬಿಟ್ರ ಆ ಉಪ್ಪು ಹಳ್ಳದ ಕೆಳಗಿನ ಊರಿನವರು ಕುಡೀಬೇಕಲ್ಲ. ಅವರ ದನ?

— ಅದಕ್ಕ ನನ್ನ ಹತ್ರ ಚೊಕ್ಕ ಉತ್ತರ ಇಲ್ರಿ. ಮಳಿಗಾಲದಾಗ ಹಳ್ಳ ತುಂಬಿ ಹರಿಯೂವಾಗ ಬಿಟ್ರ ತೆಳ್ಳಗ ಆಗ್ತೈತಿ, ಬ್ಯಾಸಗ್ಯಾಗ ಬಾಯಿ ಮುಚ್ಚಿಡಬೇಕು. ಅದಕ್ಕಿಂತ ಮೊದಲ, ಬಸಿಯೂ ನೀರ ಕಡಿಮಿ ಮಾಡಬೇಕು. ತಗ್ಗಿನ ಎರಿಯಾಗ ಭತ್ತ ಬ್ಯಾಡ. ಹಿಂಗಾರಿ ಜೋಳ, ಹತ್ತಿ ತಿರುಗಿ ಬರಲಿ. ಬದುವಿಗೆ ಬನ್ನಿ ಹಚ್ರಿ. ದಸರಾಕ್ಕ ನಾವು ಎಲಿ ಹಂಚಿಕೊಳ್ಳೂ ಈ ಬನ್ನಿನ ರಾಜಸ್ಥಾನದಾಗ ಖೇಜ್ರಿ ಅಂತ ಹೊಲದ ನಡುವ ಬಿಟ್ಟಿರ್ತಾರ, ಕೆಳಗ ಬೆಳಿ ಬರ್ತೈತಿ, ಬೇರು ಆಳಕ್ಕ ಹೋಗಿ ಒಳನೀರು ಕುಡೀತೈತಿ, ಗಾಳಿಗೂ ತಡಿ. ಬಳ್ಳಾರಿ ಜಾಲಿ ಮಾತ್ರ ಬ್ಯಾಡ. ಸವಳಿಗೆ ಒಗ್ಗತೈತಿ ಅಂತ ಬಿಟ್ರ ಹೊಲಾನ ತನ್ನದು ಮಾಡ್ಕೊಂತೈತಿ.

— ಜೋಳಕ್ಕ ಆಳು ಸಿಗೂದಿಲ್ಲ, ಹಕ್ಕಿ ಕಾಯಾಕ ಹುಡುಗರಿಲ್ಲ. ರೇಟೂ ಇಲ್ಲ. ಗೋವಿನಜೋಳ ಮುರದು ರಸ್ತೆ ಮ್ಯಾಲ ಒಣಗಿಸಿದ್ರ ಮನಿ ಬಾಗಲಿಗೆ ಲಾರಿ ಬರ್ತೈತಿ. ನಿನ್ನ 6.8, 7.7 ಎಲ್ಲಾ ಖರೇನ. ಅವನ್ನ ಬ್ಯಾಂಕಿನವ ಕಟ್ಟಿಸಿಕೊಳ್ಳೂದಿಲ್ಲ.

— ಹೌದ್ರಿ. ಅದಕ್ಕ ಪೂರಾ ಹೊಲಕ್ಕ ಬ್ಯಾಡ. ಹಸಿ ಆರದ ಆ ಅರ್ಧ ಎಕರೆಗೆ ಈ ವರ್ಷ ಹತ್ತಿ ಹಾಕ್ರಿ. ಮೆಣಸಿನಕಾಯಿ ಮ್ಯಾಲಿನ ಮಸಾರಿಗೆ ಒಯ್ರಿ. ಪಡುವಲ ಅಂಚಿಗೆ ನಾಕು ಸಾಲು ಜೋಳ ದಟ್ಟ ಬಿತ್ರಿ. ಆಳು ಬೇಕಾಗೂದಿಲ್ಲ, ಹಕ್ಕಿ ತಿಂದ್ರ ತಿನ್ನಲಿ, ದಂಟು ದನಕ್ಕ, ಕೂಳಿ ಗಾಳಿಗೆ.

— ಅದು ಆಗೂ ಮಾತು. ಬಸಿಗಾಲುವೀದು ಹೇಳು. ಮ್ಯಾಲಿನ ಭತ್ತದವನಿಗೆ ಹೇಳಿದ್ರ ನಿಮ್ಮ ಹೊಲ ತಗ್ಗು, ನಾ ಏನು ಮಾಡ್ಲಿ ಅಂತಾನ. ಕೆಳಗಿನವ ನನ್ನ ಹೊಲದಾಗ ಕಾಲುವಿ ಹಾಯಗೊಡೂದಿಲ್ಲ ಅಂತಾನ. ನಡುವ ನಾವು.

— ಮೂವರೂ ಕೂಡಿ ಒಂದು ಅರ್ಜಿ ಬರದ್ರ ಅಚ್ಚುಕಟ್ಟು ಅಭಿವೃದ್ಧಿಯ ಕಾಡಾ ಆಫೀಸಿನಾಗ ಕೇಳಬಹುದು. ಒಬ್ಬರ ಅರ್ಜಿ ಯಾರೂ ಓದೂದಿಲ್ಲ.

— ಎರಡು ಗುಂಟಿ ನಾ ಬಿಡ್ತೇನಿ. ಆದ್ರ ಮ್ಯಾಲಿನವ ರಾತ್ರಿ ನೀರು ಹರಿಯ ಬಿಡೂದು ನಿಲ್ಲಿಸಿದ್ರ ಮಾತ್ರ. ಕೆಳಗಿನವನ ಹೆಂಡತಿ ನನ್ನ ಕೂಡ ಕ್ರಾಸಿಂಗಿಗೆ ಬರ್ತಿದ್ದಳು, ಅಕಿ ಮುಖಾಂತರ ಕೇಳಿಸ್ತೇನಿ. ನೀ ಹೋಗೂದ್ರೊಳಗ ಅರ್ಜಿ ಬರದು ಕೊಡು. ದೊಡ್ಡ ಅಕ್ಷರದಾಗ ಬರಿ, ನಮ್ಮ ಮನಿಯವರ ಕಣ್ಣಿಗೆ ಪೊರಿ ಬಂದೇತಿ. ಲೋಟ ಎರಡೂ ಹಂಗ ಇರಲಿ, ಸಂಜಿಗೆ ಮ್ಯಾಲಿನವನ್ನ ಕರದು ತೋರಸ್ತೇನಿ.

— ತೋರಸ್ರಿ. ಅವನ ಹೊಲದ ಹೆಂಟಿನೂ ಒಂದು ತರಾಕ ಹೇಳ್ರಿ.